ಬೇಗ ಹಬ್ಬಿದರೆ ಸಾಕೆ?

‘ಬೇಗ ಹಬ್ಬುವಂಥದ್ದು ಕೊಡಿ.’ ನರ್ಸರಿಯಲ್ಲಿ ಹೂಬಳ್ಳಿ ಕೊಳ್ಳುವವರ ಮೊದಲ ಬೇಡಿಕೆ ಬಹುಪಾಲು ಇದೇ. ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸಿ, ಗೋಡೆಗೂ ಕಾಂಪೌಂಡಿಗೂ ನಡುವೆ ಮೂರಡಿ ಉಳಿಸಿಕೊಂಡವರಿಗೆ ಪಕ್ಕದ ಮನೆಯ ಕಿಟಕಿ ಮರೆಯಾದರೆ ಸಾಕಾಗಿರುತ್ತದೆ. ಆದರೆ ಬಳ್ಳಿ ಯಾಕೆ ಬೇಗ ಬೆಳೆಯುತ್ತದೆ ಎಂದು ನೋಡಿದರೆ ಈ ಬೇಡಿಕೆಯ ತೊಡಕು ಗೊತ್ತಾಗುತ್ತದೆ. ಗಟ್ಟಿ ಕಾಂಡ ಕಟ್ಟುವ ಖರ್ಚನ್ನು ಉಳಿಸಿ, ಇನ್ನೊಂದರ ಆಸರೆ ಹಿಡಿದು ಬೆಳಕಿಗೆ ಏರುವುದು ಬಳ್ಳಿಯ ಬಾಳುವೆ. ಹಬ್ಬುವ ಗಿಡಗಳ ಬಗ್ಗೆ 1865ರಲ್ಲಿ ಪ್ರಕಟಿಸಿದ ದೀರ್ಘ ಪ್ರಬಂಧದಲ್ಲಿ ಡಾರ್ವಿನ್ ಹೇಳಿದ್ದೂ ಇದನ್ನೇ. ಉಳಿಸಿದ್ದೆಲ್ಲ ಉದ್ದಕ್ಕೆ ಹೋಗುತ್ತದೆ, ಬೆಳಕು ಸಿಕ್ಕಲ್ಲಿ ಹೂವಾಗುತ್ತದೆ. ರಂಗೂನ್ ಬಳ್ಳಿಯನ್ನೇ ನೋಡಿ. ಸಂಜೆ ಬಿಳಿಯಾಗಿ ಅರಳಿ, ಆಮೇಲೆ ಗುಲಾಬಿಗೆ ತಿರುಗಿ, ಕೊನೆಗೆ ಕೆಂಪಾಗುವ ಹೂಗಳು ಒಂದೇ ಗೊಂಚಲಲ್ಲಿ ಜೋತಾಡುವುದು ಕಣ್ಣಿಗೆ ಹಬ್ಬ, ರಾತ್ರಿ ಪರಿಮಳವೂ ಉಂಟು. ಆದರೆ ಓಣಿಯ ನೆರಳಲ್ಲಿ ನೆಟ್ಟರೆ ಆ ಹಬ್ಬ ನಡೆಯುವುದು ತಾರಸಿಯ ಮೇಲೆ, ಕೆಲವೊಮ್ಮೆ ಪಕ್ಕದವರ ತಾರಸಿಯ ಮೇಲೆ. ನೆಟ್ಟವರ ಕಿಟಕಿಗೆ ಬರಿಯ ಕಾಂಡ.

ಸವರಿದರೆ ಆಯಿತಲ್ಲ ಎನ್ನಬಹುದು. ಮಾತು ಅರ್ಧ ನಿಜ. ಜಾಜಿ, ಮಲ್ಲಿಗೆಗಳನ್ನು ಸವರಿದಷ್ಟೂ ಹೊಸ ಚಿಗುರು, ಚಿಗುರಿದಷ್ಟೂ ಮೊಗ್ಗು. ರಂಗೂನ್ ಬಳ್ಳಿಯೂ ಹೊಸ ಚಿಗುರಲ್ಲೇ ಹೂ ಬಿಡುತ್ತದೆ. ಆದರೆ ಎಲೆ ಉದುರಿದ ಮೇಲೆ ಅದರ ತೊಟ್ಟಿನ ಬುಡ ಗಟ್ಟಿಯಾಗಿ ಮುಳ್ಳಾಗುತ್ತದೆ, ಏಣಿ ಹತ್ತಿ ಕತ್ತರಿ ಹಿಡಿದವರ ಕೈಗೆ ಗೀರು ತಪ್ಪಿದ್ದಲ್ಲ. ಗುಲಾಬಿ ಬಣ್ಣದ ಆಂಟಿಗೋನನ್ ಕತೆಯೇ ಬೇರೆ. ಮೆಕ್ಸಿಕೊ ಮೂಲದ ಈ ಬಳ್ಳಿಗೆ ನೆಲದೊಳಗೆ ಗೆಡ್ಡೆಗಳಿವೆ, ಬುಡಮಟ್ಟ ಕತ್ತರಿಸಿದರೂ ಮತ್ತೆ ಚಿಗುರುತ್ತದೆ. ತೋಟದ ಅಂದಕ್ಕೆಂದು ತಂದದ್ದು ಪೆಸಿಫಿಕ್‌ನ ಗುವಾಮ್ ದ್ವೀಪದಲ್ಲಿ ತೋಟ ದಾಟಿ ಕಳೆಯಾಗಿದೆ. ನೀಲಿ ತುನ್‌ಬರ್ಜಿಯಾಕ್ಕೂ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇದೇ ಹೆಸರು ಬಂದಿದೆ.

ಪಡುವಣ ಗೋಡೆ ಏಪ್ರಿಲ್‌ನಲ್ಲಿ ಕಾದ ಹೆಂಚಾಗುವಾಗ ನಿಧಾನದ ಬಳ್ಳಿಯನ್ನು ಕಾಯುತ್ತ ಕೂರಲಾಗುತ್ತದೆಯೇ ಎಂಬ ಆಕ್ಷೇಪ ಇದಕ್ಕಿಂತ ಬಲವಾದದ್ದು. ಬಾಡಿಗೆ ಮನೆಯವರಂತೂ ವರ್ಷಗಟ್ಟಲೆ ಕಾಯಲಾರರು. ಅವರಿಗೆ ಬೇಕಾದದ್ದು ಬೇಗ ಬಂದು ಬೇಗ ಹೋಗುವ ಬಳ್ಳಿ. ಶಂಖಪುಷ್ಪದ ಬೀಜವನ್ನು ರಾತ್ರಿ ನೆನೆಸಿ ಫೆಬ್ರುವರಿಯಲ್ಲಿ ಕುಂಡಕ್ಕೆ ಊರಿ, ಹಗ್ಗ ಕಟ್ಟಿ, ನೀರು ತಪ್ಪಿಸದಿದ್ದರೆ ಎರಡು ತಿಂಗಳ ಆಸುಪಾಸಿನಲ್ಲಿ ಹೂ ಕಾಣುತ್ತದೆ. ದ್ವಿದಳ ಜಾತಿಯದಾದ್ದರಿಂದ ಬೇರಿನ ಗಂಟುಗಳಲ್ಲಿ ಸಾರಜನಕವನ್ನೂ ಹಿಡಿದಿಡುತ್ತದೆ. ಬೇಡವೆನಿಸಿದ ದಿನ ಕಿತ್ತು ಗೊಬ್ಬರದ ಗುಂಡಿಗೆ ಹಾಕಬಹುದು. ಹೀರೆ ಬಳ್ಳಿಯ ಹಳದಿ ಹೂ ಕೂಡ ಸಂಜೆಗೆ ಚೆಲುವಾಗಿಯೇ ಅರಳುತ್ತದೆ; ಪಲ್ಯಕ್ಕಾಗುತ್ತದೆ ಎಂಬ ಒಂದೇ ತಪ್ಪಿಗೆ ಅದನ್ನು ಹೂಬಳ್ಳಿಗಳ ಸಾಲಿನಿಂದ ಹೊರಗಿಟ್ಟಿದ್ದೇವೆ.

ಸ್ವಂತ ಮನೆ, ಬಿಸಿಲು ಬೀಳುವ ಅಂಗಳ, ಗಟ್ಟಿ ಚಪ್ಪರ ಮೂರೂ ಇದ್ದವರು ಮೈಸೂರಿನ ಹೆಸರು ಹೊತ್ತ ತುನ್‌ಬರ್ಜಿಯಾ ಮೈಸೂರೆನ್ಸಿಸ್ ಅನ್ನು ನೆಡಬಹುದು. ಪಶ್ಚಿಮಘಟ್ಟದ ಈ ಬಳ್ಳಿಯೂ ಚುರುಕಾಗಿಯೇ ಹಬ್ಬುತ್ತದೆ. ಆದರೆ ಹಳದಿ–ಕಂದುಗೆಂಪಿನ ಹೂಮಾಲೆಗಳು ಚಪ್ಪರದಿಂದ ಕೆಳಕ್ಕೆ ಅಡಿಗಿಂತ ಉದ್ದವಾಗಿ ಇಳಿಬೀಳುತ್ತವೆ, ಕೆಳಗೆ ಕೂತವರಿಗೂ ಮಕರಂದಕ್ಕೆ ಬರುವ ಸೂರಕ್ಕಿಗೂ ಎಟುಕುತ್ತವೆ. ಮಳೆಗಾಲದಲ್ಲಿ ನೆನೆದ ಸೊಪ್ಪಿನ ಭಾರಕ್ಕೆ ಬಿದಿರಿನ ಚಪ್ಪರ ಕುಸಿಯುತ್ತದೆ. ಬಳ್ಳಿ ಕೊಳ್ಳುವ ಮೊದಲೇ ಕಬ್ಬಿಣದ ಪೈಪು ನೆಡಿಸಿರಬೇಕು.