ಕಿಮೋ ರೋಗಿಯ ಜ್ವರಕ್ಕೆ ಸರದಿ ಬೇಡ

ನನ್ನ ಹೆಂಡತಿಗೆ ಲಿಂಫೋಮಾ. ದುಗ್ಧಗ್ರಂಥಿಗಳ ಈ ಕ್ಯಾನ್ಸರಿಗೆ ಬೆಂಗಳೂರಿನಲ್ಲಿ 21 ದಿನಗಳಿಗೊಮ್ಮೆ ಕಿಮೋಥೆರಪಿ ನಡೆಯುತ್ತಿದೆ. ಕಾಯಿಲೆ ಬಗ್ಗುತ್ತಿದೆ, ಕುತ್ತಿಗೆಯ ಗಂಟುಗಳು ಕರಗಿವೆ. ನಮ್ಮನ್ನು ಹೆದರಿಸುವುದು ಊರಿಗೆ ಮರಳಿದ ಮೇಲಿನ ದಿನಗಳು. ಔಷಧಿ ಕೊಟ್ಟ ಒಂದೆರಡು ವಾರದಲ್ಲಿ ಬಿಳಿ ರಕ್ತಕಣಗಳು ತೀರಾ ಇಳಿಯುತ್ತವೆ, ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರವೂ ತುರ್ತುಸ್ಥಿತಿಯೇ. ಗಂಟೆಯೊಳಗೆ ರಕ್ತನಾಳಕ್ಕೆ ಆಂಟಿಬಯಾಟಿಕ್ ಹೋಗಬೇಕು.

ಈಚೆಗೆ ರಾತ್ರಿ ಜ್ವರ ಬಂದಾಗ ಹತ್ತಿರದ ಆಸ್ಪತ್ರೆಯಲ್ಲಿ ಪ್ಯಾರಸಿಟಮಾಲ್ ಕೊಟ್ಟು, ಕೆಮ್ಮುವವರ ನಡುವೆ ಬೆಂಚಿನ ಮೇಲೆ ಕೂರಿಸಿದರು. ಫೈಲು ತೋರಿಸಿದರೂ ‘ಬೆಳಿಗ್ಗೆ ಡಾಕ್ಟರು ನೋಡ್ತಾರೆ’ ಎಂದರು. ಆ ಸಿಬ್ಬಂದಿಯನ್ನು ದೂರಲಾರೆ, ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಮೂರು ವರ್ಷದೊಳಗೆ ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ 2025ರ ಕೇಂದ್ರ ಬಜೆಟ್ಟಿನಲ್ಲಿ ಹೇಳಿದ್ದಾರೆ; ಸಂತೋಷ. ಅದರ ಜೊತೆಗೆ, ಕಿಮೋ ಪಡೆಯುವ ಪ್ರತಿಯೊಬ್ಬರಿಗೂ ಕನ್ನಡದಲ್ಲಿ ಅಚ್ಚಾದ ತುರ್ತು ಚೀಟಿ ಕೊಡಬೇಕು. ಅದನ್ನು ತೋರಿಸಿದ ಕೂಡಲೇ ಪ್ರತ್ಯೇಕ ಜಾಗ, ರಕ್ತಪರೀಕ್ಷೆ, ಔಷಧಿ ಸಿಗುವಂತೆ ಆರೋಗ್ಯ ಇಲಾಖೆ ತಾಲ್ಲೂಕು ಆಸ್ಪತ್ರೆಗಳಿಗೆ ಸುತ್ತೋಲೆ ಹೊರಡಿಸಲಿ.

— ಓದುಗ, ಉತ್ತರ ಕನ್ನಡ ಜಿಲ್ಲೆ