ಲಗೇಜಿನಲ್ಲಿ ಬರುವ ಮಾತ್ರೆ, ನಾಟದ ಮದ್ದು

ರಜೆ ಮುಗಿಸಿ ಊರಿಂದ ಬರುವವರ ಲಗೇಜಿನಲ್ಲಿ ಉಪ್ಪಿನಕಾಯಿ, ಹಪ್ಪಳದ ಜೊತೆ ನಾಲ್ಕು ಸ್ಟ್ರಿಪ್ ಆಂಟಿಬಯಾಟಿಕ್ ಮಾತ್ರೆಯೂ ಇರುತ್ತೆ. ರೂಮಿನಲ್ಲಿ ಯಾರಿಗಾದ್ರೂ ಜ್ವರ ಬಂದ್ರೆ ಅದರಲ್ಲೇ ಎರಡು ಕೊಡೋದು. ಜ್ವರ ಬಿಟ್ಟರೆ ಉಳಿದದ್ದು ಮತ್ತೆ ಪೆಟ್ಟಿಗೆಗೆ.

ಇದು ಉಳಿತಾಯದಂತೆ ಕಂಡರೂ ಅಸಲಿಗೆ ಸಾಲ. ನೆಗಡಿ, ಫ್ಲೂ ಬರುವುದು ವೈರಸ್‌ನಿಂದ. ಅದಕ್ಕೆ ಆಂಟಿಬಯಾಟಿಕ್ ನಾಟುವುದೇ ಇಲ್ಲ. ಬದಲಿಗೆ ದೇಹದೊಳಗಿನ ದುರ್ಬಲ ಬ್ಯಾಕ್ಟೀರಿಯಾ ಸತ್ತು, ಮದ್ದು ತಡೆದುಕೊಳ್ಳುವಂಥವು ಉಳಿದು ಬೆಳೆಯುತ್ತವೆ. ಆರೆಂಟು ಜನರಿಗೆ ಒಂದೇ ಬಾತ್‌ರೂಮು, ಒಂದೇ ಅಡುಗೆಮನೆ ಇರುವಲ್ಲಿ ಅವು ಇನ್ನೊಬ್ಬರಿಗೆ ದಾಟುವುದು ಸುಲಭ. ಮಾತ್ರೆ ನುಂಗಿದವನು ಒಬ್ಬ, ಬಡ್ಡಿ ಕಟ್ಟುವವನು ಮತ್ತೊಬ್ಬ.

ಸಾಲದ ಮೊತ್ತವೂ ಸಣ್ಣದಲ್ಲ. ಮದ್ದಿಗೆ ಬಗ್ಗದ ಸೋಂಕುಗಳೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಸಂಶೋಧಕರ ಅಂದಾಜು. 2023ರಲ್ಲಿ ಲ್ಯಾಬ್‌ನಲ್ಲಿ ಖಚಿತವಾದ ಬ್ಯಾಕ್ಟೀರಿಯಾ ಸೋಂಕುಗಳಲ್ಲಿ ಆರರಲ್ಲಿ ಒಂದು ಮದ್ದಿಗೆ ಬಗ್ಗಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಸರ್ಕಾರಗಳು ಸುಮ್ಮನೆ ಕೂತಿಲ್ಲ. ಸೌದಿ 2018ರಿಂದ ಚೀಟಿಯಿಲ್ಲದ ಮಾರಾಟದ ಮೇಲೆ ಬಿಗಿ ಮಾಡಿತು. 2024ರ ನವೆಂಬರ್‌ನಲ್ಲಿ ಇದೇ ವಿಷಯಕ್ಕೆ ಜೆಡ್ಡಾದಲ್ಲಿ ಹಲವು ದೇಶಗಳ ಸಚಿವರು ಸೇರಿದ್ದರು. ಯುಎಇಯಲ್ಲೂ ಚೀಟಿ ಕಡ್ಡಾಯ. ಭಾರತದಲ್ಲೂ ಕಾನೂನು ಅದೇ; ಸ್ಟ್ರಿಪ್ ಮೇಲಿನ ಕೆಂಪು ಗೆರೆಯ ಅರ್ಥವೂ ಅದೇ. ಆದರೂ ಊರಿನ ಮೆಡಿಕಲ್‌ಗಳಲ್ಲಿ ಕೇಳಿದರೆ ಸಿಗುತ್ತೆ. ಇಲ್ಲಿನ ಫಾರ್ಮಸಿಯ ಬಾಗಿಲು ಮುಚ್ಚಿದರೆ ಲಗೇಜಿನ ಬಾಗಿಲು ತೆರೆದೇ ಇದೆ.

ಯಾಕೆ? ಕ್ಲಿನಿಕ್‌ಗೆ ಹೋದ್ರೆ ಒಂದು ದಿನದ ಸಂಬಳ ಹೋಗುತ್ತೆ ಅನ್ನೋ ಭಯ. ಆದರೆ ಕಾನೂನು ಬೇರೆಯೇ ಹೇಳುತ್ತೆ. ಸೌದಿಯಲ್ಲಿ ಖಾಸಗಿ ಕಂಪನಿ ಕೆಲಸಗಾರರಿಗೆ ವರ್ಷಕ್ಕೆ ಮೊದಲ 30 ದಿನದ ಕಾಯಿಲೆ ರಜೆಗೆ ಪೂರ್ತಿ ಸಂಬಳ. ಯುಎಇಯಲ್ಲಿ ಪ್ರೊಬೇಷನ್ ಮುಗಿದವರಿಗೆ ಮೊದಲ 15 ದಿನ ಪೂರ್ತಿ, ಮುಂದಿನ 30 ದಿನ ಅರ್ಧ. ಆದರೆ ಅದಕ್ಕೆ ವೈದ್ಯರ ಸರ್ಟಿಫಿಕೇಟ್ ಬೇಕು. ರೂಮಿನಲ್ಲೇ ಮಾತ್ರೆ ನುಂಗಿ ಮಲಗಿದವನಿಗೆ ಮದ್ದೂ ಸರಿಯಾದದ್ದಲ್ಲ, ರಜೆಯ ಸಂಬಳವೂ ಇಲ್ಲ.

ಸರ್ಟಿಫಿಕೇಟ್ ತಂದರೂ ಆಬ್ಸೆಂಟ್ ಹಾಕುವ ಕಂಪನಿಗಳು ಇರುವವರೆಗೆ ಬರೀ ಜಾಗೃತಿ ಪೋಸ್ಟರ್ ಅಂಟಿಸಿ ಪ್ರಯೋಜನವಿಲ್ಲ. ಫಾರ್ಮಸಿಗಳ ಮೇಲಿರುವ ಕಣ್ಣು ಹಾಜರಿ ಪುಸ್ತಕದ ಮೇಲೂ ಬೀಳಬೇಕು. ಅಲ್ಲಿವರೆಗೆ ಕೆಲಸಗಾರರ ಕೈಯಲ್ಲಿರೋದು ಇಷ್ಟು: ಮುಂದಿನ ಸಲ ಊರಿಂದ ಬರುವಾಗ ಆ ಸ್ಟ್ರಿಪ್ ಬಿಟ್ಟು ಬರುವುದು, ಜ್ವರ ಬಂದರೆ ಇನ್ಶೂರೆನ್ಸ್ ಕಾರ್ಡ್ ಹಿಡಿದು ಕ್ಲಿನಿಕ್‌ಗೆ ಹೋಗುವುದು.