‘ಉಪಲಬ್ಧ’ ಎಂಬ ಪದವನ್ನು ನುಂಗಿದವರು

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ಯಲಹಂಕದ ನಮ್ಮ ಮನೆಗೆ ಬಂದಿದ್ದ. ವಿಶ್ವರಂಗಭೂಮಿಯ ಚರಿತ್ರೆಯ ದಪ್ಪ ಗ್ರಂಥವೊಂದನ್ನು ಓದಿ ಮುಗಿಸಿದ್ದನಂತೆ. “ಗ್ರೀಕರಿದ್ದಾರೆ, ಜಪಾನಿಗಳಿದ್ದಾರೆ, ನಾವೇ ಇಲ್ಲ ಸಾರ್. 17ನೆಯ ಶತಮಾನದವರೆಗೆ ಕನ್ನಡದಲ್ಲಿ ನಾಟಕವೇ ಇರಲಿಲ್ಲವೆಂದು ನೀವೇ ಹೇಳಿಕೊಟ್ಟಿದ್ದಿರಲ್ಲ” ಎಂದ.

ಹೌದು, ಹೇಳಿಕೊಟ್ಟಿದ್ದೆ. ಚಿಕ್ಕದೇವರಾಜ ಒಡೆಯರ ಆಸ್ಥಾನದ ಸಿಂಗರಾರ್ಯನು ಹರ್ಷನ ‘ರತ್ನಾವಳಿ’ಯನ್ನು ಅನುಸರಿಸಿ ಬರೆದ ‘ಮಿತ್ರವಿಂದಾ ಗೋವಿಂದ’ ಕನ್ನಡದ ಮೊದಲ ಉಪಲಬ್ಧ ನಾಟಕ. ವಿದ್ವಾಂಸರು ಎಚ್ಚರದಿಂದ ಇಟ್ಟ ‘ಉಪಲಬ್ಧ’ ಎಂಬ ಪದ ಗೈಡುಗಳಿಗೆ ಇಳಿಯುವಷ್ಟರಲ್ಲಿ ಮಾಯವಾಯಿತು. ಒಂದು ಅಂಕದ ಉತ್ತರಕ್ಕೆ ನಾನೂ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕುತ್ತಾ ಹೋದೆ. “ಹಾಗಾದರೆ ಅದಕ್ಕೆ ಮುಂಚೆ ಜಾತ್ರೆಗಳಲ್ಲಿ ಜನ ಏನು ನೋಡುತ್ತಿದ್ದರು ಸಾರ್?” ಎಂದು ದೊಡ್ಡಬಳ್ಳಾಪುರದ ಕಡೆಯ ಹುಡುಗನೊಬ್ಬ ಒಮ್ಮೆ ಕೇಳಿದ್ದ. ಪಠ್ಯದಲ್ಲಿ ಇಲ್ಲದ್ದನ್ನು ಕೇಳಬೇಡವೆಂದು ಗದರಿ ಕೂರಿಸಿದೆ. ಆ ಪ್ರಶ್ನೆಯೇ ಸರಿ, ನನ್ನ ಗದರಿಕೆ ತಪ್ಪು.

ಗ್ರಂಥ ಸಿಕ್ಕರೆ ರಂಗಭೂಮಿ ಇತ್ತು, ಸಿಗದಿದ್ದರೆ ಇರಲಿಲ್ಲ ಎಂಬುದು ಎಂಥ ತರ್ಕ? ಸೊಫೊಕ್ಲಿಸ್ ಬರೆದದ್ದು 120ಕ್ಕೂ ಹೆಚ್ಚು ನಾಟಕ. ಇಡಿಯಾಗಿ ಉಳಿದದ್ದು 7. ಆ ಏಳೂ ಹಾಳಾಗಿದ್ದರೆ ಅಥೆನ್ಸಿನ ಜನ ರಂಗಮಂದಿರದ ಮೆಟ್ಟಿಲುಗಳ ಮೇಲೆ ಸುಮ್ಮನೆ ಬಿಸಿಲು ಕಾಯಿಸುತ್ತಿದ್ದರು ಎನ್ನುತ್ತಿದ್ದೆವೋ? ಜಪಾನಿನ ಜೆಆಮಿ ನೋ ನಾಟಕವನ್ನು ಕುರಿತು ಬರೆದ ಗ್ರಂಥಗಳು ಶತಮಾನಗಳ ಕಾಲ ಮನೆತನದ ಗುಟ್ಟಾಗಿದ್ದು, ಅವುಗಳಲ್ಲಿ ಬಹುಪಾಲು ಅಚ್ಚಾಗಿ ಹೊರಬಂದದ್ದು 1909ರಲ್ಲಿ. ಅದಕ್ಕೆ ಮುಂಚೆ ನೋ ಇರಲಿಲ್ಲವೇ?

ನಾಟಕದ ಪ್ರಾಣ ಬರಹದಲ್ಲಿದೆ, ನಟರಿಲ್ಲದೆಯೂ ಅದರ ಶಕ್ತಿ ನಿಲ್ಲುತ್ತದೆ ಎಂಬ ಮಾತು ಅರಿಸ್ಟಾಟಲನದು. ನಮ್ಮ ಭರತನು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕವೆಂದು ನಾಲ್ಕಾಗಿ ಎಣಿಸಿದ. ಓಲೆಗರಿಯಲ್ಲಿ ಉಳಿಯಬಲ್ಲದ್ದು ವಾಚಿಕವೊಂದೇ. ಉಳಿದ ಮೂರು ನಟನ ಮೈಯೊಂದಿಗೇ ಹೋಗುತ್ತವೆ. ಆ ಒಂದರ ಲೆಕ್ಕ ಹಿಡಿದು ನಾಲ್ಕೂ ಇರಲಿಲ್ಲವೆಂದು ತೀರ್ಪು ಕೊಡುವವರು ಪಟ್ಟದಕಲ್ಲಿಗೆ ಹೋಗಿಬರಲಿ. ಭರತನ ಮಾರ್ಗದಲ್ಲಿ ನಡೆದ ಅಚಲನೆಂಬ ನಟನನ್ನು ಅಲ್ಲಿಯ 8ನೆಯ ಶತಮಾನದ ಶಾಸನ ಹೊಗಳುತ್ತದೆ. ಸಿಂಗರಾರ್ಯನಿಗಿಂತ ಸುಮಾರು 900 ವರ್ಷ ಹಿಂದಿನ ಮಾತು! ಅಷ್ಟೇಕೆ, 1926ರಲ್ಲಿ ಬಿ.ಎಂ.ಶ್ರೀಯವರು ‘ಗದಾಯುದ್ಧ ನಾಟಕಂ’ ಸಿದ್ಧಪಡಿಸಿದಾಗ ಬಹುಮಟ್ಟಿಗೆ ರನ್ನನ ಪದ್ಯಗಳನ್ನೇ ಜೋಡಿಸಿದರು. ರಂಗದ ಪರಿಚಯವೇ ಇಲ್ಲದ ನಾಡಿನಲ್ಲಿ ಹತ್ತನೆಯ ಶತಮಾನದ ಕವಿಗೆ ಆ ಮಾತುಗಾರಿಕೆ ಎಲ್ಲಿಂದ ಬಂತು? ಇದು ಸಾಕ್ಷ್ಯವಲ್ಲ, ಊಹೆ ಎನ್ನುವಿರಾದರೆ ಒಪ್ಪುತ್ತೇನೆ. ‘ಇರಲಿಲ್ಲ’ ಎಂಬುದೂ ಊಹೆಯೇ.

ಈಗಲೂ ನಮ್ಮ ಸುತ್ತಿನ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ, ಸೀನರಿ ಬಾಡಿಗೆಗೆ ಬರುತ್ತದೆ, ದುರ್ಯೋಧನನಾಗಲು ರೈತ ಕೈಯಿಂದಲೇ ಹಣ ಕಟ್ಟುತ್ತಾನೆ. ಅದು ಕಂಪನಿ ನಾಟಕಗಳ ಸಂತಾನ, ಪ್ರಾಚೀನವಲ್ಲ, ನಿಜ. ಆದರೆ ಆ ಮೇಷ್ಟ್ರುಗಳ ನೋಟ್‌ಬುಕ್ಕುಗಳು ನಮ್ಮ ಕಣ್ಣೆದುರೇ ಗೆದ್ದಲಿಗೂ ಗುಜರಿಗೂ ಹೋಗುತ್ತಿವೆ. ಮುನ್ನೂರು ವರ್ಷದ ಮೇಲೆ ಯಾರಾದರೊಬ್ಬ ಪಂಡಿತ, ಯಲಹಂಕದ ಸೀಮೆಯಲ್ಲಿ ನಾಟಕವಿರಲಿಲ್ಲ ಎಂದು ಬರೆದಾನು.

ಅಂದು ಪ್ರಶ್ನೆ ಕೇಳಿದ ಹುಡುಗ ಇದನ್ನು ಓದುತ್ತಿದ್ದರೆ ಕ್ಷಮೆಯಿರಲಿ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ತಾತನ ನಾಟಕದ ನೋಟ್‌ಬುಕ್ ಇದ್ದರೆ ಪ್ರತಿ ಪುಟದ ಫೋಟೋ ತೆಗೆದು ನನಗೆ ಕಳುಹಿಸಿ. ಎಣ್ಣೆಯ ಕಲೆ ಇದ್ದರೂ ಚಿಂತೆಯಿಲ್ಲ.